ಎದುರು ಕೂತು ಕಲಿಸುವ ಕನ್ನಡ

ಕೃಷ್ಣೆ ಮತ್ತು ಘಟಪ್ರಭೆಯ ನೀರುಂಡು ಕಬ್ಬು ಬೆಳೆಯುವ ಜಮಖಂಡಿ, ಮುಧೋಳ, ಬೀಳಗಿ ಸೀಮೆಗಳಲ್ಲಿಯೂ ಮಗ್ಗದ ಸದ್ದಿನ ನಡುವೆಯೇ ಮಾತಾಡಿಕೊಳ್ಳುವ ರಬಕವಿ-ಬನಹಟ್ಟಿಯಲ್ಲಿಯೂ ವಯಸ್ಸಿಗೆ ಬಂದ ಮೇಲೆ ಕನ್ನಡವನ್ನು ಮೊದಲಿನಿಂದ ಕಲಿಯಬೇಕಾದವರು ಸದಾ ಇದ್ದೇ ಇರುತ್ತಾರೆ. ಸಕ್ಕರೆ ಕಾರ್ಖಾನೆಗೆ ಉತ್ತರದ ರಾಜ್ಯಗಳಿಂದ ಬಂದ ಎಂಜಿನಿಯರು, ವರ್ಗವಾಗಿ ಬಂದ ಬ್ಯಾಂಕಿನ ಅಧಿಕಾರಿ, ತಾಲ್ಲೂಕು ಆಸ್ಪತ್ರೆಗೆ ನೇಮಕಗೊಂಡ ವೈದ್ಯೆ, ಮಿರಜ-ಸಾಂಗಲಿಗಳ ಕಡೆಯಿಂದ ಮದುವೆಯಾಗಿ ಬಂದ ಸೊಸೆ, ಇಂಥವರಿಗೆಲ್ಲ ದೊರೆಯುವ ಪಾಠವೆಂದರೆ ಹೆಚ್ಚಾಗಿ ಸಂಜೆಯ ಒಂದು ತಾಸು ಯಾರೋ ಒಬ್ಬರ ಎದುರು ಕೂತು ಆಡುವ ಮಾತೇ ಆಗಿದೆ. ಕೆಲವರು ನಾಲ್ಕಾರು ತಿಂಗಳಲ್ಲಿ ಸಂತೆ ಮಾಡಿಕೊಂಡು ಬರುವಷ್ಟು ಕನ್ನಡವನ್ನು ದಕ್ಕಿಸಿಕೊಳ್ಳುತ್ತಾರೆ; ಇನ್ನು ಕೆಲವರು ಎಷ್ಟು ಕಾಲ ಕಳೆದರೂ ಎರಡನೆಯ ವಾಕ್ಯಕ್ಕೆ ತಡವರಿಸುತ್ತಾರೆ. ಹೀಗೆ ತಡವರಿಸುವವರ ವಿಷಯದಲ್ಲಿ ಅವರ ವಯಸ್ಸನ್ನೋ ನೆನಪಿನ ಶಕ್ತಿಯನ್ನೋ ದೂರುವುದು ವಾಡಿಕೆಯಾಗಿದ್ದರೂ, ಈ ಸೀಮೆಯ ಮಟ್ಟಿಗೆ ತೊಡಕಿನ ದೊಡ್ಡ ಪಾಲು ಕಲಿಸುವವರಲ್ಲಿ, ತಮ್ಮದೇ ಕನ್ನಡದ ಬಗ್ಗೆ ಅವರಿಗಿರುವ ಸಂಕೋಚದಲ್ಲಿ ಇದೆ ಎಂಬುದನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ.

ಈ ಸಂಕೋಚಕ್ಕೆ ಇತಿಹಾಸವಿದೆ. ಜಮಖಂಡಿಯನ್ನು ಪಟವರ್ಧನರು, ಮುಧೋಳವನ್ನು ಘೋರ್ಪಡೆಯವರು ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಬೀಳಗಿಯ ಭಾಗವಷ್ಟೇ ಬ್ರಿಟಿಷರ ನೇರ ಆಡಳಿತದಲ್ಲಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ವಿಲೀನವಾಗುವವರೆಗೆ ದರಬಾರಿನ ಗೌರವವೂ ದಫ್ತರದ ಬರಹವೂ ಮರಾಠಿಯದಾಗಿದ್ದು, ಹಳೆಯ ಕಾಗದಪತ್ರಗಳು ಮೋಡಿ ಲಿಪಿಯಲ್ಲಿ, ಅಂದರೆ ಕೈಯೆತ್ತದೆ ವೇಗವಾಗಿ ಬರೆಯಲು ಒದಗುತ್ತಿದ್ದ ಮರಾಠಿಯ ಲಿಪಿಯಲ್ಲಿ ಉಳಿದಿವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಈ ಭಾಗ ವಿಜಾಪುರ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿ, 1963ರ ಆಡಳಿತ ಭಾಷಾ ಕಾಯ್ದೆಯಿಂದ ಕನ್ನಡ ರಾಜ್ಯದ ಅಧಿಕೃತ ಭಾಷೆಯಾದಾಗ, ಮರಾಠಿಯಲ್ಲಿ ಕಲಿತು ಮರಾಠಿಯಲ್ಲಿ ಬರೆಯುತ್ತಿದ್ದವರು ನಡುವಯಸ್ಸಿನಲ್ಲಿ ಕನ್ನಡದ ಅಕ್ಷರವನ್ನು ತಿದ್ದಬೇಕಾಯಿತು. ಅವರು ಕಲಿತದ್ದು ಕಾಗದದ ಮೇಲಿನ ಕನ್ನಡವನ್ನು, ಸುತ್ತೋಲೆಯ ಕನ್ನಡವನ್ನು. ಆಡುವ ಕನ್ನಡಕ್ಕೆ ದರಬಾರಿನ ಕಾಲದಲ್ಲಿ ಮರಾಠಿಯ ಎದುರು ಮಾನವಿರಲಿಲ್ಲ. ಕನ್ನಡದ ಕಾಲ ಬಂದ ಮೇಲೆ ಪುಸ್ತಕದ ಕನ್ನಡದ ಎದುರಿನಲ್ಲಿಯೂ ಅದಕ್ಕೆ ಮಾನ ಸಿಗಲಿಲ್ಲ. ಈ ಎರಡು ಪಟ್ಟಿನ ಅವಮಾನವನ್ನು ಈ ಸೀಮೆಯ ಜನ ತಲೆಮಾರುಗಳಿಂದ ಸದ್ದಿಲ್ಲದೆ ಹೊತ್ತುಕೊಂಡು ಬಂದಿದ್ದಾರೆ.

ವಯಸ್ಕರಿಗೆ ಒಬ್ಬೊಬ್ಬರಾಗಿ ಕನ್ನಡ ಕಲಿಸುವ ಪದ್ಧತಿ ಇದಕ್ಕಿಂತಲೂ ಹಳೆಯದು. ಕಂಪನಿ ಸರಕಾರದ ಕಾಲದಲ್ಲಿ ಇಂಗ್ಲೆಂಡಿನಿಂದ ಬಂದ ತರುಣ ಅಧಿಕಾರಿಗಳಿಗೆ ದೇಶಭಾಷೆಯನ್ನು ಕಲಿಸುತ್ತಿದ್ದವನು ಮುನ್ಷಿ. ಮದ್ರಾಸಿನಲ್ಲಿ 1812ರಲ್ಲಿ ಸ್ಥಾಪನೆಯಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಇಂಥ ಕಲಿಕೆಗೆಂದೇ ಇದ್ದ ಸಂಸ್ಥೆಯಾಗಿದ್ದು, ಅದರ ಆಸರೆಯಲ್ಲಿಯೇ ಕೃಷ್ಣಮಾಚಾರ್ಯರು 1838ರಲ್ಲಿ ಹೊಸಗನ್ನಡ ನುಡಿಗನ್ನಡಿ ಎಂಬ ವ್ಯಾಕರಣವನ್ನು ಹೊರತಂದರು. ಮುಂಬಯಿ ಪ್ರಾಂತದ ಸೇವೆಗೆ 1867ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ ಬಂದ ಜಾನ್ ಫೇತ್‌ಫುಲ್ ಫ್ಲೀಟ್ ಮುಂದೆ ಶಾಸನತಜ್ಞರಾಗಿ ಹೆಸರಾದರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಮುಧೋಳ ಸೀಮೆಯವರು ಅವರನ್ನು ನೆನೆಯಬೇಕಾದದ್ದು ಇನ್ನೊಂದು ಕಾರಣಕ್ಕೆ. ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ಧಿಕ್ಕರಿಸಿ 1857ರಲ್ಲಿ ಬಂಡೆದ್ದ ಹಲಗಲಿಯ ಬೇಡರ ಮೇಲೆ ಕಟ್ಟಿದ ಲಾವಣಿಯನ್ನು ಅವರು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಲಗಲಿ ಮುಧೋಳದ ಹಳ್ಳಿ. ಲಾವಣಿಯ ನುಡಿ ಈ ಜನರ ನಾಲಿಗೆಯ ನುಡಿ. ವಯಸ್ಕನಾಗಿ ಕನ್ನಡ ಕಲಿತ ಪರದೇಶದ ಅಧಿಕಾರಿಯೊಬ್ಬನಿಗೆ ಶಾಸನದ ಹಳಗನ್ನಡದಷ್ಟೇ ಲಾವಣಿಯ ಆಡುಗನ್ನಡವೂ ಅಚ್ಚಿಗೆ ತಕ್ಕದ್ದೆಂದು ಕಂಡಿತ್ತು. ಅದೇ ಮಾತನ್ನು ಇಂದಿನ ಕಲಿಯುವವರಿಗೆ ಕಲಿಸಲು ಊರಿನವರೇ ಹಿಂಜರಿಯುತ್ತಾರೆಂಬುದು ನೋವಿನ ಸಂಗತಿ.

ಭಾಷೆಯೊಂದರಲ್ಲಿ ಬರಹಕ್ಕೂ ಸಭೆಗೂ ಒಂದು ರೂಪ, ಮನೆಗೂ ಬೀದಿಗೂ ಇನ್ನೊಂದು ರೂಪ ಇರುವ ಸ್ಥಿತಿಯನ್ನು ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ಡೈಗ್ಲಾಸಿಯಾ ಎಂದು ಕರೆದರು. ಕನ್ನಡದಲ್ಲಿ ಈ ಅಂತರ ಎಲ್ಲೆಡೆಯೂ ಇದೆ. ಆದರೆ ಕನ್ನಡ ಕಲಿಸಲು ಸಿಗುವ ಪುಸ್ತಕಗಳು ಬರಹದ ರೂಪವನ್ನೋ ಬೆಂಗಳೂರು-ಮೈಸೂರಿನ ಆಡುಮಾತನ್ನೋ ಹಿಡಿದು ಸಾಗುವುದರಿಂದ ಈ ಸೀಮೆಯಿರುವ ಬಾಗಲಕೋಟೆ ಜಿಲ್ಲೆಯ ಕಲಿಯುವವರಿಗೆ ಆ ಅಂತರ ಕಂದಕವಾಗುತ್ತದೆ. ಪುಸ್ತಕದಲ್ಲಿ 'ಮಾಡುತ್ತಿದ್ದೇನೆ' ಎಂದಿದ್ದರೆ ಬೀದಿಯಲ್ಲಿ ಕೇಳಿಬರುವುದು 'ಮಾಡಾಕತ್ತೇನಿ'. ಪುಸ್ತಕದ 'ಇದೆ' ಊರಿನಲ್ಲಿ 'ಐತಿ'. 'ಮನೆ' ಇಲ್ಲಿ 'ಮನಿ', 'ಪೇಟೆ' ಇಲ್ಲಿ 'ಪ್ಯಾಟಿ', 'ಬೇಡ' ಇಲ್ಲಿ 'ಬ್ಯಾಡ'. ಪಾಠದ ತಾಸಿನಲ್ಲಿ ಕಷ್ಟಪಟ್ಟು ಕಲಿತ ಒಂದು ರೂಪವೂ ಮರುದಿನ ಕಿವಿಗೆ ಬೀಳದಿದ್ದಾಗ ಕಲಿಯುವವರು ತಮ್ಮ ಕಿವಿಯನ್ನೇ ಅನುಮಾನಿಸತೊಡಗುತ್ತಾರೆ. ಕಿವಿ ಸರಿಯಾಗಿಯೇ ಇದೆ. ಪಾಠ ಬೇರೆ ಊರಿನದು.

ಕಲಿಸುವವರನ್ನು ಕೇಳಿದರೆ 'ನಮ್ಮ ಮಾತು ಶುದ್ಧ ಇಲ್ರಿ, ಪುಸ್ತಕದ್ದ ಕಲೀಲಿ' ಎನ್ನುತ್ತಾರೆ. ಮಾತಿನ ಹಿಂದಿರುವುದು ಒಳ್ಳೆಯ ಮನಸ್ಸೇ; ಅತಿಥಿಗೆ ಮನೆಯಲ್ಲಿರುವ ಉತ್ತಮವಾದದ್ದನ್ನೇ ಬಡಿಸಬೇಕೆಂಬ ಸೌಜನ್ಯವೇ. ಆದರೆ ಈ ಮಾತನ್ನು ಒಪ್ಪಲಾಗದು. 'ಮಾಡಾಕತ್ತೇನಿ' ಎಂಬುದು 'ಮಾಡಲಿಕ್ಕೆ' ಎಂಬುದರ ಮುಂದೆ 'ಹತ್ತು' ಎಂಬ ಕ್ರಿಯಾಪದ ಸೇರಿ ಸವೆದು ನಿಂತ ರೂಪವಾಗಿದ್ದು, ಹೋಗಾಕತ್ತೇನಿ, ಬರಾಕತ್ತೇನಿ, ತಿನ್ನಾಕತ್ತೇನಿ ಎಂದು ಎಲ್ಲ ಕ್ರಿಯೆಗಳಿಗೂ ಒಂದೇ ಬಗೆಯಲ್ಲಿ ಹೊಂದುತ್ತದೆ. ಪದದ ಕೊನೆಯ 'ಎ' ಇಲ್ಲಿ 'ಇ' ಆಗುವುದೂ, ಮೊದಲ ಅಕ್ಷರದ 'ಏ' ಹಲವೆಡೆ 'ಯಾ' ಆಗುವುದೂ ಮನಬಂದಂತೆ ಆಗುವ ಮಾರ್ಪಾಡುಗಳಲ್ಲ. ಅವಕ್ಕೂ ನಿಯಮವಿದೆ, ಆ ನಿಯಮವನ್ನು ಎರಡು ಸಂಜೆಗಳಲ್ಲಿ ವಿವರಿಸಲೂಬಹುದು. ಮುಧೋಳದಲ್ಲಿ ಹುಟ್ಟಿದ ರನ್ನನ ಹತ್ತನೆಯ ಶತಮಾನದ ಕನ್ನಡ ಇಂದಿನ ಮುಧೋಳದವರಿಗೆ ಟೀಕೆಯಿಲ್ಲದೆ ಅರ್ಥವಾಗದು; ಹಾಗಿರುವಾಗ ಯಾವುದೋ ಒಂದು ಕಾಲದ, ಒಂದು ಊರಿನ ರೂಪವನ್ನು ಮಾತ್ರ ಶುದ್ಧವೆನ್ನುವುದಕ್ಕೆ ಆಧಾರವಿಲ್ಲ. ಆದ್ದರಿಂದ ಮೊದಲು 'ಐತಿ'ಯನ್ನು ಕಲಿಸಿ, ಅದು ನಾಲಿಗೆಯಲ್ಲಿ ಕೂತ ಮೇಲೆ 'ಇದೆ'ಯನ್ನು ಓದುವಾಗ ಎದುರಾಗುವ ರೂಪವೆಂದು ತೋರಿಸುವುದೇ ಸರಿಯಾದ ಕ್ರಮ. ಊರಿನ ಮಾತಿಗೆ ಇನ್ನೂ ಒಂದು ಅನುಕೂಲವಿದೆ: ವಾಕ್ಯದ ಕೊನೆಯಲ್ಲಿ 'ರಿ' ಸೇರಿಸಿದರೆ ಹೊಸಬರ ಮೊಟುಕು ಮಾತಿಗೂ ಮರ್ಯಾದೆ ಬರುತ್ತದೆ. 'ಬರ್ರಿ', 'ಹೌದ್ರಿ', 'ಬ್ಯಾಡ್ರಿ' ಎಂಬ ಮೂರು ಮಾತುಗಳಿಂದಲೇ ಹಿರಿಯರ ಮುಂದೆ ಧೈರ್ಯವಾಗಿ ನಿಲ್ಲಬಹುದೆಂಬ ಭರವಸೆ ಹೊಸಬರಿಗೆ ಎಷ್ಟು ದೊಡ್ಡದೆಂಬುದನ್ನು ಹುಟ್ಟು ಕನ್ನಡಿಗರು ಊಹಿಸಲಾರರು.

ವಯಸ್ಕರ ತಪ್ಪುಗಳನ್ನು ಓದಲು ಕಲಿಯುವುದು ಕಲಿಸುವವರ ಎರಡನೆಯ ಕೆಲಸ. ಕಲಿಯುವವರು ತಾಯ್ನುಡಿ ಮತ್ತು ಕಲಿಯುತ್ತಿರುವ ನುಡಿಗಳ ನಡುವೆ ತಮ್ಮದೇ ಒಂದು ನಡುನುಡಿಯನ್ನು ಕಟ್ಟಿಕೊಂಡಿರುತ್ತಾರೆಂದೂ ಅದಕ್ಕೆ ತನ್ನದೇ ನಿಯಮಗಳಿರುತ್ತವೆಂದೂ ಲ್ಯಾರಿ ಸೆಲಿಂಕರ್ ಎಂಬ ವಿದ್ವಾಂಸರು 1972ರಲ್ಲಿ ವಿವರಿಸಿದರು. 'ಇದು ನನ್ನ ಚೀಲ ಇಲ್ಲ' ಎಂದು ಹೇಳುವ ಹಿಂದಿಯವರು ಗಮನವಿಲ್ಲದೆ ಮಾತಾಡಿದ್ದಾರೆಂದಲ್ಲ. 'ಇಲ್ಲ' ಮತ್ತು 'ಅಲ್ಲ' ಎರಡಕ್ಕೂ ಅವರ ನುಡಿಯಲ್ಲಿ ಒಂದೇ ಪದವಿದೆ. ಮರಾಠಿಯವರಿಗೆ 'ನಾಹೀ' ಮತ್ತು 'ನವ್ಹೇ' ಎಂಬ ಜೋಡಿಯನ್ನು ನೆನಪಿಸಿದರೆ ಅದೇ ಭೇದ ಬೇಗ ಹೊಳೆಯುತ್ತದೆ. 'ಬ್ಯಾಡ' ಎಂಬುದಂತೂ ಅವರ 'ನಕೋ' ಇದ್ದ ಜಾಗಕ್ಕೆ ಬಂದು ಕೂರುತ್ತದೆ. ಹಿಂದಿಯಲ್ಲಿ ಬಸ್ಸು ಹೆಣ್ಣಾದ್ದರಿಂದ 'ಬಸ್ ಬಂದಳು' ಎಂಬ ವಾಕ್ಯ ಹುಟ್ಟುತ್ತದೆ. ಅದನ್ನು ಕೇಳಿ ನಕ್ಕರೆ ಆ ಸಂಜೆಯ ಪಾಠ ಅಲ್ಲಿಗೇ ಮುಗಿಯಿತು, ಏಕೆಂದರೆ ಎದುರು ಕೂತಿರುವವರು ತಮ್ಮ ಕೆಲಸದಲ್ಲಿ ನುರಿತವರು, ನಾಲ್ಕು ಜನ ಮಾತು ಕೇಳುವ ಸ್ಥಾನದಲ್ಲಿರುವವರು, ಭಾಷೆಯೊಂದರಲ್ಲಿ ಮಾತ್ರ ಮಗುವಿನ ಸ್ಥಿತಿಗೆ ಇಳಿಯಲು ತಾವಾಗಿ ಒಪ್ಪಿ ಬಂದವರು. ಆ ಒಪ್ಪಿಗೆಯನ್ನು ಕಾಪಾಡುವುದು ವ್ಯಾಕರಣಕ್ಕಿಂತ ಮೇಲಿನ ಹೊಣೆ.

ಉಚ್ಚಾರಣೆಯ ವಿಷಯದಲ್ಲಿ ಎಲ್ಲವನ್ನೂ ತಿದ್ದಲು ಹೊರಟರೆ ಏನೂ ಉಳಿಯದು. ಅರ್ಥ ಕೆಡುವ ಜಾಗವನ್ನು ಮಾತ್ರ ಆರಿಸಿಕೊಳ್ಳಬೇಕು. ಕಬ್ಬಿನ ಸೀಮೆಯಲ್ಲಿ ಆ ಜಾಗ ತಾನಾಗಿಯೇ ಸಿಗುತ್ತದೆ: ಕಬ್ಬಿನ 'ಬೆಳಿ' ಮತ್ತು ಕಬ್ಬಿನ 'ಬೆಲಿ'. ಬೆಳೆ ಹೊಲದಲ್ಲಿ ನಿಂತಿರುವುದು, ಬೆಲೆ ಕಾರ್ಖಾನೆ ಕೊಡಬೇಕಾದದ್ದು. ಕಾರ್ಖಾನೆಯ ನೌಕರರೊಬ್ಬರು ರೈತರ ಎದುರು ಇವೆರಡನ್ನು ಅದಲುಬದಲಾಗಿಸಿ ಆಡಿದರೆ ಗೊಂದಲ ಮಾತಿಗಷ್ಟೇ ಸೀಮಿತವಾಗಿ ಉಳಿಯದು. ಮರಾಠಿಯಲ್ಲಿ 'ಳ' ಇರುವುದರಿಂದ ಸಾಂಗಲಿಯವರಿಗೆ ಇದು ಸುಲಭ. ಬಿಹಾರದವರಿಗೆ ನಾಲಿಗೆಯನ್ನು ಹಿಂದಕ್ಕೆ ಮಡಿಸುವುದನ್ನು ತೋರಿಸಿಯೇ ಕೊಡಬೇಕು. ಇಬ್ಬರಿಗೂ ಸಮವಾಗಿ ಕಷ್ಟವಾಗುವುದು ಎ-ಏ, ಒ-ಓಗಳ ಹ್ರಸ್ವ-ದೀರ್ಘ ಭೇದ, ಏಕೆಂದರೆ ಹಿಂದಿಯಲ್ಲಿಯಾಗಲಿ ಮರಾಠಿಯಲ್ಲಿಯಾಗಲಿ ಆ ಭೇದ ಅರ್ಥವನ್ನು ಬದಲಿಸುವುದಿಲ್ಲ. 'ಕೊಡು' ಮತ್ತು 'ಕೋಡು' ಅವರ ಕಿವಿಗೆ ಒಂದೇ ಆಗಿ ಬೀಳುತ್ತವೆ. ಹೀಗಿರುವಾಗ ಹೇಳಿಸುವುದಕ್ಕೆ ಮುನ್ನ ಕೇಳಿಸಬೇಕು. ಕಲಿಸುವವರು ಎರಡರಲ್ಲಿ ಒಂದನ್ನು ಹೇಳಿ, ಯಾವುದೆಂದು ಕಲಿಯುವವರು ಬೆರಳೆತ್ತಿ ತೋರಿಸುವ ಆಟವನ್ನು ಕೆಲವು ದಿನ ಆಡಿದರೆ, ನಾಲಿಗೆ ಕಿವಿಯ ಹಿಂದೆ ತಾನೇ ಬರುತ್ತದೆ. ಕತೆ-ಕತ್ತೆಗಳಂಥ ಒತ್ತಿನ ಭೇದಕ್ಕೂ ಇದೇ ಉಪಾಯ ಸಾಕು.

ವೈದ್ಯೆಯ ಅಗತ್ಯ ಇನ್ನೊಂದು ಬಗೆಯದು. ಬೀಳಗಿಯ ಆಸ್ಪತ್ರೆಯಲ್ಲಿ ಕೂತವರಿಗೆ ಮಾತಾಡುವುದಕ್ಕಿಂತ ಮೊದಲು ಕೇಳಿದ್ದು ತಿಳಿಯಬೇಕು. ರೋಗಿ 'ಜಡ್ಡಾಗೈತಿ' ಎಂದರೆ ಕಾಯಿಲೆಯಾಗಿದೆ ಎಂಬಷ್ಟೇ ಅರ್ಥ. ಆದರೆ 'ಹೊಟ್ಟಿ ಕಡಿಯಾಕತ್ತೈತಿ', 'ಹೊಟ್ಟಿ ಉಬ್ಬೈತಿ', 'ಹೊಟ್ಟಿ ಬ್ಯಾನಿ' ಎಂಬ ಮಾತುಗಳು ಒಂದೊಂದೂ ಬೇರೆ ಬೇರೆ ಪರೀಕ್ಷೆಯ ಕಡೆಗೆ ಬೆರಳು ತೋರಿಸುತ್ತವೆ. ಇವು ಪಠ್ಯಪುಸ್ತಕಗಳಲ್ಲಿ ಸಿಗುವುದು ವಿರಳ. ಆಸ್ಪತ್ರೆಯಲ್ಲಿ ವರ್ಷಗಳಿಂದ ದುಡಿಯುತ್ತಿರುವ ದಾದಿಯೊಬ್ಬರು ದಿನಕ್ಕೆ ಐದು ಮಾತುಗಳಂತೆ ಹೇಳಿಕೊಟ್ಟರೆ ಅದು ಯಾವ ಪಂಡಿತರ ಪಾಠಕ್ಕಿಂತಲೂ ಮೇಲು, ಮತ್ತು ಅಂಥ ದಾದಿಯನ್ನು ಗುರುವೆಂದು ಒಪ್ಪಿಕೊಳ್ಳುವ ವೈದ್ಯೆಗೆ ಭಾಷೆಯ ಜೊತೆಗೆ ಊರೂ ದಕ್ಕುತ್ತದೆ.

ಅಕ್ಷರದ ಕಲಿಕೆಗೆ ಬಂದಾಗ ಎರಡು ಬಗೆಯ ವಯಸ್ಕರನ್ನು ಬೇರೆ ಮಾಡಿ ನೋಡಬೇಕು. 2011ರ ಜನಗಣತಿಯ ಪ್ರಕಾರ ಬಾಗಲಕೋಟೆ ಜಿಲ್ಲೆಯಲ್ಲಿ ಏಳು ವರ್ಷ ಮತ್ತು ಮೇಲ್ಪಟ್ಟವರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 69. ಉಳಿದವರಲ್ಲಿ ಹೆಚ್ಚಿನವರಿಗೆ ಕನ್ನಡ ಪೂರ್ತಿಯಾಗಿ ಗೊತ್ತು, ಅಕ್ಷರ ಮಾತ್ರ ಗೊತ್ತಿಲ್ಲ. ಹೊರಗಿನಿಂದ ಬಂದವರಿಗೆ ಅಕ್ಷರಗಳ ತತ್ವ ಗೊತ್ತು, ಕನ್ನಡ ಗೊತ್ತಿಲ್ಲ. ದೇವನಾಗರಿಯನ್ನು ಬಲ್ಲವರಿಗೆ ವರ್ಣಮಾಲೆಯ ಕ್ರಮವೂ ಗೊತ್ತಿರುವುದರಿಂದ ಹೊಸದಾಗಿ ಕಲಿಯಬೇಕಾದದ್ದು ಆಕಾರಗಳನ್ನು, ಎ-ಏ, ಒ-ಓ ಎಂಬ ಜೋಡಿಗಳನ್ನು ಮತ್ತು ಅಕ್ಷರದ ಕೆಳಗೆ ಕೂರುವ ಒತ್ತುಗಳನ್ನು. ಬ್ರೆಜಿಲಿನ ಶಿಕ್ಷಣತಜ್ಞ ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಕೂಲಿಕಾರರಿಗೆ ಓದು ಕಲಿಸಿದಾಗ ಅ-ಆ-ಇ-ಈ ಎಂಬ ಬಗೆಯ ಪಟ್ಟಿಯಿಂದ ಹೊರಡದೆ, ಅವರ ಬದುಕಿನಿಂದಲೇ ಎತ್ತಿಕೊಂಡ ಕೆಲವು ಪದಗಳನ್ನು ಒಡೆದು, ಆ ತುಂಡುಗಳಿಂದ ಹೊಸ ಪದಗಳನ್ನು ಕಟ್ಟಿಸಿದರು. ಅವುಗಳನ್ನು ಉತ್ಪಾದಕ ಪದಗಳೆಂದು ಕರೆಯುತ್ತಾರೆ. ಈ ಸೀಮೆಯ ಉತ್ಪಾದಕ ಪದಗಳು ಬಸ್ಸುಗಳ ಹಣೆಯ ಮೇಲೆಯೇ ಓಡಾಡುತ್ತಿವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ ಎಂಬ ಐದು ಹೆಸರುಗಳಲ್ಲಿ 14 ವ್ಯಂಜನಗಳಿವೆ. ಗುಡಿಸು ಮತ್ತು ಅದರ ದೀರ್ಘ, ಕೊಂಬು, ಓತ್ವ, ಅನುಸ್ವಾರ ಇವೆ. ಕೊನೆಯ ಹೆಸರಿನಲ್ಲಿ ಒಂದು ಒತ್ತಕ್ಷರವೂ ಇದೆ. ಇವುಗಳನ್ನು ಒಡೆದು ಮನ, ಜನ, ಗಿಡ, ಮಳಿ, ಹಳಿ, ಹಟ್ಟಿ, ಹೀಗೆ ಎಷ್ಟನ್ನಾದರೂ ಕಟ್ಟಬಹುದು. ನಿಲ್ದಾಣದಲ್ಲಿ ನಿಂತು ತನ್ನ ಬಸ್ಸನ್ನು ತಾನೇ ಓದಿ ಹತ್ತಿದ ದಿನ ಕಲಿಯುವವರ ಮುಖದಲ್ಲಿ ಕಾಣುವ ನಿರಾಳವನ್ನು ಯಾವ ಪರೀಕ್ಷೆಯ ಅಂಕವೂ ತರಲಾರದು.

ಎದುರುಬದುರಿನ ಪಾಠದಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಸುಮ್ಮನಿರುವುದು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವುದು ಸುಮಾರು ಒಂದು ಸೆಕೆಂಡು ಮಾತ್ರವೆಂದೂ, ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವೂ ಸತ್ವಯುತವೂ ಆಗುತ್ತವೆಂದೂ ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಅವರು ನೋಡಿದ್ದು ತಾಯ್ನುಡಿಯಲ್ಲಿ ಉತ್ತರಿಸುವ ಮಕ್ಕಳನ್ನು. ಪರನುಡಿಯಲ್ಲಿ ವಾಕ್ಯ ಕಟ್ಟುವ ವಯಸ್ಕರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಆದರೆ ಈ ಸೀಮೆಯ ಜನ ಬಹುಭಾಷಿಕರು, ಉದಾರಿಗಳು. ಎದುರಿನವರು ತೊದಲಿದೊಡನೆ ಮರಾಠಿಗೋ ಹಿಂದಿಗೋ ಹೊರಳಿ ಅವರ ಕಷ್ಟವನ್ನು ತಪ್ಪಿಸಿಬಿಡುತ್ತಾರೆ. ಪೇಟೆಯಲ್ಲಿ ಅದು ಸೌಜನ್ಯ, ಪಾಠದಲ್ಲಿ ಅದು ಕಲಿಯುವವರ ಬಾಯಿಂದ ಕನ್ನಡವನ್ನು ಕಿತ್ತುಕೊಂಡಂತೆ. ವಾರದ ಉಳಿದೆಲ್ಲ ತಾಸುಗಳಲ್ಲಿ ಯಾರೂ ಕಾಯದ ಕಡೆ, ಈ ಒಂದು ತಾಸಿನಲ್ಲಾದರೂ ಒಬ್ಬರು ಕಾಯುತ್ತಾರೆಂಬ ನಂಬಿಕೆ ಹುಟ್ಟಬೇಕು. ತಪ್ಪನ್ನು ಮಾತಿನ ನಡುವೆ ತಡೆದು ತಿದ್ದುವುದಕ್ಕಿಂತ, ಅವರು ಹೇಳಿದ್ದನ್ನೇ ಸರಿಯಾದ ರೂಪದಲ್ಲಿ ಮರುನುಡಿದು ಮಾತನ್ನು ಮುಂದುವರಿಸುವುದು ಲೇಸು: 'ಬಸ್ ಬಂದಳು' ಎಂದರೆ 'ಹೌದ್ರಿ, ಬಸ್ ಬಂತು, ಯಾವ ಊರಿಂದು?' ಎಂದರಾಯಿತು.

ಸೊಸೆಯ ಪಾಠಕ್ಕೆ ಮನೆಯವರು ಗುರುಗಳಾಗದಿರುವುದು ಒಳ್ಳೆಯದು. ಅತ್ತೆಯೋ ಗಂಡನೋ ಕಲಿಸಹೊರಟರೆ ಒಂದೊಂದು ವಾಕ್ಯವೂ ಸೊಸೆತನದ ಪರೀಕ್ಷೆಯಾಗಿ, ಉಪ್ಪು ಹೆಚ್ಚಾದದ್ದೂ ಒತ್ತು ತಪ್ಪಿದ್ದೂ ಒಂದೇ ದನಿಯಲ್ಲಿ ಎಣಿಕೆಗೆ ಬರುತ್ತವೆ. ನೆರೆಮನೆಯ ಹಿರಿಯ ಹೆಂಗಸು, ನೇಕಾರರ ಮನೆಯಾದರೆ ಪಕ್ಕದ ಮಗ್ಗದಾಕೆ ಇದಕ್ಕೆ ತಕ್ಕವರು. ಹಾಸು, ಹೊಕ್ಕು, ಲಾಳಿ ಎಂಬ ಪದಗಳು ಕೈ ಕೆಲಸ ಮಾಡುತ್ತಿರುವಾಗಲೇ ಬಾಯಿಗೆ ಬರುತ್ತವೆ. ಹಾಡಿನ ನೆರವನ್ನೂ ಪಡೆಯಬಹುದು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ತತ್ವಜ್ಞಾನಿ ರಾಮಚಂದ್ರ ದತ್ತಾತ್ರೇಯ ರಾನಡೆಯವರು ಮರಾಠಿ ಮನೆಮಾತಿನವರಾಗಿದ್ದು ಕನ್ನಡ ಅನುಭಾವಿಗಳ ಪದಗಳ ಮೇಲೆ ಗ್ರಂಥವನ್ನೇ ರಚಿಸಿದರು; ಅವರು ಸೇರಿದ ಇಂಚಗೇರಿ ಸಂಪ್ರದಾಯದ ಭಜನೆಯಲ್ಲಿ ಕನ್ನಡದ ಪದಗಳೂ ಮರಾಠಿಯ ಅಭಂಗಗಳೂ ಒಂದೇ ಕೂಟದಲ್ಲಿ ಕೇಳಿಬರುತ್ತವೆ. ಹಾಡಿನಲ್ಲಿ ವಾಕ್ಯ ಕಟ್ಟುವ ಹೊರೆಯಿಲ್ಲ, ತಪ್ಪಿದರೆ ಪಕ್ಕದವರ ದನಿ ಕೈಹಿಡಿಯುತ್ತದೆ. ಸೋಬಾನೆ, ಜೋಗುಳ, ಭಜನೆ ಯಾವುದಾದರೂ ಸರಿ, ಗುಂಪಿನಲ್ಲಿ ಬಾಯಿಬಿಟ್ಟು ಹಾಡಿದ ಸೊಸೆ ಕೆಲಕಾಲದಲ್ಲಿ ಒಬ್ಬಳೇ ಮಾತಾಡುವ ಧೈರ್ಯವನ್ನೂ ತಂದುಕೊಳ್ಳುತ್ತಾಳೆ.

ಕೊನೆಯದಾಗಿ ಕಾರ್ಖಾನೆಯವರ ಪಾಠ ನಿಂತುಹೋಗುವ ಸಂಗತಿ. ಕಬ್ಬು ನುರಿಸುವ ಹಂಗಾಮು ಚಳಿಗಾಲದ ಹೊತ್ತಿಗೆ ಶುರುವಾಯಿತೆಂದರೆ ಪಾಳಿಯ ಮೇಲೆ ಪಾಳಿ ಬಂದು ಸಂಜೆಯ ತಾಸು ಕಾಣೆಯಾಗುತ್ತದೆ, ಕಲಿಸುವವರು ಶಿಷ್ಯರು ಕೈಬಿಟ್ಟರೆಂದು ಬೇಸರಪಡುತ್ತಾರೆ. ಬೇಸಿಗೆಗೆ ಹಂಗಾಮು ಮುಗಿದು ಅವರು ಮರಳಿದಾಗ ಹಳೆಯ ಪಾಠದ ಕ್ರಿಯಾಪದಗಳು ಅರ್ಧ ಮರೆತಿರುತ್ತವೆ. ಆದರೆ ತೂಕದ ಕಟ್ಟೆಯ ಬಳಿ ಗಾಡಿಯವರೊಂದಿಗೆ, ಟ್ರ್ಯಾಕ್ಟರಿನ ಚಾಲಕರೊಂದಿಗೆ ರಾತ್ರಿಯೆಲ್ಲ ಆಡಿದ ಒರಟು, ಬಿರುಸಾದ, ಜೀವಂತ ಕನ್ನಡ ನಾಲಿಗೆಗೆ ಬಂದಿರುತ್ತದೆ, ಅದರಲ್ಲಿ ಮನೆಯಲ್ಲಿ ಆಡಬಾರದ ಮಾತುಗಳೂ ಬೆರೆತಿರುತ್ತವೆ. ಅಂಥ ಶಿಷ್ಯರನ್ನು ಮೊದಲ ಪುಟಕ್ಕೆ ತಳ್ಳದೆ, ಅವರು ತಂದ ಮಾತುಗಳನ್ನೆಲ್ಲ ಒಂದೊಂದಾಗಿ ಹೇಳಿಸಿ, ಇದು ಯಾರ ಮುಂದೆ ನಡೆಯುತ್ತದೆ, ಇದಕ್ಕೆ 'ರಿ' ಎಲ್ಲಿ ಸೇರಬೇಕು, ಇದು ರೈತರ ಸಭೆಯಲ್ಲಿ ಸಲ್ಲುತ್ತದೆಯೇ ಎಂದು ಬಿಡಿಸಿ ತೋರಿಸುವುದರಿಂದ ಮುಂದಿನ ಪಾಠ ಆರಂಭವಾಗಬೇಕು.